ಕಪಾಟಿನಿಂದ ಎದ್ದ ಲ್ಯಾಪ್‌ಟಾಪ್: ಹಳೇ ವಿಂಡೋಸ್‌ಗೆ ಕೈಯಾರೆ ಅಪ್‌ಡೇಟ್ ಹಾಕುವುದು ಹೇಗೆ?

ಕಲಬುರಗಿಯ ನೆಹರು ಗಂಜಿನಲ್ಲಿ ನಮ್ಮ ಕಾಕಾನದು ಅಡತ್ ಅಂಗಡಿ. ತೊಗರಿ ಸೀಸನ್ ಮುಗಿದ ಮೇಲೆ ಒಂದು ದಿನ ಫೋನ್ ಮಾಡಿದ. "ತಮ್ಮಾ, ಹಳೇ ಲ್ಯಾಪ್‌ಟಾಪ್ ಕಪಾಟಿನ್ಯಾಗ ಇತ್ತಲ್ಲ, ತೆಗ್ದೀನಿ. ಚಾಲೂ ಆಗ್ತದ. ಆದ್ರ ಒಂದೂ ವೆಬ್‌ಸೈಟ್ ಓಪನ್ ಆಗವಲ್ದು, ಅಪ್‌ಡೇಟ್ ಒತ್ತಿದ್ರ ಎರರ್ ಅಂತದ. ರಿಪೇರಿಯವ ಹೊಸಾದು ತೊಗೋರಿ ಅಂದ. ಇದು ಹೋಯ್ತೇನು?"

ಹೋಗಿರಲಿಲ್ಲ. 2017ರ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ಲೆಕ್ಕದ ಪುಸ್ತಕಗಳ ಕೆಳಗೆ ಕೆಲವು ವರ್ಷ ಸುಮ್ನೆ ಮಲಗಿತ್ತು, ಅಷ್ಟೇ. ಇಂಥ ಲ್ಯಾಪ್‌ಟಾಪ್ ಈಗ ಮನೆಮನೆಯಲ್ಲೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಗಿನಿಂದ "ನಮ್ಮದು ಇನ್ನು ನಡೆಯುತ್ತದಾ?" ಎಂದು ಕೇಳುವವರು ಜಾಸ್ತಿಯಾಗಿದ್ದಾರೆ. ಅಂಥವರಿಗಾಗಿ ಬುಡದಿಂದ ಹೇಳುತ್ತೇನೆ.

ಆಪರೇಟಿಂಗ್ ಸಿಸ್ಟಂ ಅಂದರೆ ಅಂಗಡಿಯ ಮುನೀಮ

ಅಡತ್ ಅಂಗಡಿಯಲ್ಲಿ ಹಮಾಲರಿದ್ದಾರೆ, ತಕ್ಕಡಿ ಇದೆ, ಗೋದಾಮಿದೆ, ತಿಜೋರಿ ಇದೆ. ಆದರೆ ಯಾವ ಚೀಲ ಎಲ್ಲಿಡಬೇಕು, ಯಾರಿಗೆ ಎಷ್ಟು ಕೊಡಬೇಕು, ಯಾರನ್ನು ಒಳಗೆ ಬಿಡಬೇಕು ಎಂದು ಹೇಳುವವನು ಮುನೀಮ. ಮಾಲೀಕ ಮಾತಾಡುವುದು ಅವನ ಹತ್ತಿರ, ಹಮಾಲರು ಕೇಳುವುದು ಅವನ ಮಾತು.

ಲ್ಯಾಪ್‌ಟಾಪಿನಲ್ಲಿ ಆ ಮುನೀಮನೇ ಆಪರೇಟಿಂಗ್ ಸಿಸ್ಟಂ. ವಿಂಡೋಸ್ ಒಬ್ಬ ಮುನೀಮ, ಲಿನಕ್ಸ್ ಇನ್ನೊಬ್ಬ. ಕೀಬೋರ್ಡ್, ಡಿಸ್ಕ್, ಪ್ರಿಂಟರ್, ವೈಫೈ ಎಲ್ಲ ಕೆಲಸದವರು. ಒಬ್ಬೊಬ್ಬ ಕೆಲಸದವನದೂ ಒಂದೊಂದು ಭಾಷೆ. ಆ ಭಾಷೆಯನ್ನು ಮುನೀಮನಿಗೆ ತಿಳಿಸಿಕೊಡುವ ಪುಟ್ಟ ತಂತ್ರಾಂಶಕ್ಕೆ ಡ್ರೈವರ್ ಅನ್ನುತ್ತಾರೆ. ಅಪ್‌ಡೇಟ್ ಆದ ಮೇಲೆ "ಪ್ರಿಂಟರ್ ಬರ್ತಾ ಇಲ್ಲ" ಎನ್ನುವ ದೂರು ಬಂದರೆ, ಹೆಚ್ಚಿನ ಸಲ ಈ ದುಭಾಷಿ ಕೈಕೊಟ್ಟಿರುತ್ತಾನೆ.

ಇನ್ನು ಅಪ್‌ಡೇಟ್‌ನಲ್ಲಿ ಮೂರು ಬಗೆ ಇವೆ. ತಿಂಗಳಿಗೊಮ್ಮೆ ಬರುವುದು ಸಣ್ಣ ತೇಪೆ. "ಹಿಂದಿನ ಬಾಗಿಲ ಚಿಲಕ ಸಡಿಲಾಗಿದೆ, ಬಿಗಿ ಮಾಡು" ಎಂದು ಮುನೀಮನಿಗೆ ಬರುವ ಚೀಟಿ ಅಂದುಕೊಳ್ಳಿ. ಎರಡನೆಯದು ಆವೃತ್ತಿ ಬದಲಾವಣೆ. ಮುನೀಮ ಅವನೇ, ಹೊಸದಾಗಿ ತರಬೇತಿ ಪಡೆದು ಬರುತ್ತಾನೆ. ನಿಮ್ಮ ಫೈಲು, ಪ್ರೋಗ್ರಾಂಗಳು ಇದ್ದಲ್ಲೇ ಇರುತ್ತವೆ. ಮೂರನೆಯದು ಹೊಸ ಇನ್‌ಸ್ಟಾಲ್. ಹಳೇ ಮುನೀಮನನ್ನು ಕಳಿಸಿ, ಗೋದಾಮು ಖಾಲಿ ಮಾಡಿ, ಹೊಸಬನನ್ನು ಕೂರಿಸುವುದು. ಗೋದಾಮು ಖಾಲಿ ಅಂದರೆ ಖಾಲಿಯೇ. ಫೋಟೋ, ಲೆಕ್ಕ, ಏನೂ ಉಳಿಯುವುದಿಲ್ಲ. ಅಂಗಡಿಗೆ ಕೊಟ್ಟಾಗ "ವಿಂಡೋಸ್ ಹಾಕಿಕೊಡ್ತೀವಿ" ಎಂದರೆ ಎರಡನೆಯದೋ ಮೂರನೆಯದೋ ಎಂದು ಕೇಳಿಯೇ ಕೊಡಿ.

ಹಳೆಯದರಲ್ಲೇ ನಡೆಸಿದರೆ ಏನು ತೊಂದರೆ?

ಬೆಂಬಲ ಮುಗಿದ ಮಾರನೇ ದಿನ ಲ್ಯಾಪ್‌ಟಾಪ್ ನಿಂತುಹೋಗುವುದಿಲ್ಲ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ, ಇವತ್ತಿಗೂ ಎಷ್ಟೋ ಕಡೆ ಅದು ಓಡುತ್ತಿದೆ. ನಿಲ್ಲುವುದು ಚೀಟಿ ಬರುವುದು ಮಾತ್ರ. ಆದರೆ ಅಲ್ಲೇ ಇರುವುದು ತೊಂದರೆ.

2017ರಲ್ಲಿ ನಡೆದದ್ದು ನೋಡಿ. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಮೂಲಕ ಫೈಲ್ ಹಂಚಿಕೊಳ್ಳುವ ಭಾಗದಲ್ಲಿ ಒಂದು ಕಂಡಿ ಇತ್ತು. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಅದಕ್ಕೆ ತೇಪೆ ಕೊಟ್ಟಿತು. ಮೇ 12ರಂದು ವಾನಾಕ್ರೈ ಎಂಬ ವೈರಸ್ ಅದೇ ಕಂಡಿಯಿಂದ ನುಗ್ಗಿ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸವೂ ನಿಂತಿತು. ಔಷಧ ಎರಡು ತಿಂಗಳಿಂದ ಸಿದ್ಧವಿತ್ತು, ಕುಡಿದಿರದವರು ಸಿಕ್ಕಿಬಿದ್ದರು.

ಇದರಲ್ಲಿ ಜನಕ್ಕೆ ಹೊಳೆಯದ ಇನ್ನೊಂದು ಸಂಗತಿ ಇದೆ. ವಿಂಡೋಸ್ 10 ಮತ್ತು 11ರ ಒಳಗಿನ ಎಷ್ಟೋ ಭಾಗ ಒಂದೇ. 11ಕ್ಕೆ ತೇಪೆ ಬಂದಾಗ, ಕಳ್ಳರು ಆ ತೇಪೆಯನ್ನೇ ಬಿಚ್ಚಿ ನೋಡಿ ಕಂಡಿ ಎಲ್ಲಿತ್ತು ಎಂದು ತಿಳಿದುಕೊಳ್ಳುತ್ತಾರೆ. ಅದೇ ಕಂಡಿ 10ರಲ್ಲಿ ತೆರೆದೇ ಇದ್ದರೆ? ಪಕ್ಕದ ಅಂಗಡಿಯವ ಚಿಲಕ ಹಾಕಿದ ಸದ್ದು ಕೇಳಿ ನಿಮ್ಮ ಅಂಗಡಿಯ ಬಾಗಿಲು ತಳ್ಳಿ ನೋಡಿದ ಹಾಗೆ.

ಬ್ರೌಸರ್‌ಗಳೂ ಕೈಬಿಡುತ್ತಾ ಬರುತ್ತವೆ. ವಿಂಡೋಸ್ 7ಕ್ಕೆ ಕ್ರೋಮ್‌ನ 109ನೇ ಆವೃತ್ತಿಯೇ ಕೊನೆ. 2023ರ ಫೆಬ್ರವರಿಯಲ್ಲಿ ಬಂದ 110 ಅದರಲ್ಲಿ ಓಡುವುದಿಲ್ಲ. ಬ್ಯಾಂಕಿನ ಪುಟ, ಜಿಎಸ್‌ಟಿ ಪೋರ್ಟಲ್ ಒಂದು ದಿನ "ನಿಮ್ಮ ಬ್ರೌಸರ್ ಹಳೆಯದು" ಅನ್ನಲು ಶುರುಮಾಡುವುದು ಹೀಗೆ.

ಮೊದಲು ಗಡಿಯಾರ ನೋಡಿ

ಕಾಕಾನ ಲ್ಯಾಪ್‌ಟಾಪ್ ತೆರೆದು ನಾನು ಮೊದಲು ನೋಡಿದ್ದು ಪರದೆಯ ಬಲಮೂಲೆಯ ತಾರೀಖು. 2017ರ ಜನವರಿ 1 ಅಂತಿತ್ತು. ಅಲ್ಲೇ ಅರ್ಧ ಉತ್ತರ ಸಿಕ್ಕಿತು.

ಲ್ಯಾಪ್‌ಟಾಪ್ ಆಫ್ ಆಗಿದ್ದರೂ ಒಳಗೆ ಒಂದು ಗಡಿಯಾರ ನಡೆಯುತ್ತಲೇ ಇರುತ್ತದೆ. ಅದಕ್ಕೆ ಒಂದು ರೂಪಾಯಿ ನಾಣ್ಯದಷ್ಟಗಲದ ಬಟನ್ ಸೆಲ್ ಶಕ್ತಿ ಕೊಡುತ್ತದೆ. ವರ್ಷಗಟ್ಟಲೆ ಮುಚ್ಚಿಟ್ಟರೆ ಸೆಲ್ ಸಾಯುತ್ತದೆ, ಗಡಿಯಾರ ಹುಟ್ಟಿದ ವರ್ಷಕ್ಕೆ ಓಡುತ್ತದೆ.

ಅದಕ್ಕೂ ವೆಬ್‌ಸೈಟ್ ತೆರೆಯದಿರುವುದಕ್ಕೂ ಏನು ಸಂಬಂಧ? ಪ್ರತಿ ಸುರಕ್ಷಿತ ವೆಬ್‌ಸೈಟಿಗೂ ಒಂದು ಡಿಜಿಟಲ್ ಪ್ರಮಾಣಪತ್ರ ಇರುತ್ತದೆ. ಬಸ್ ಪಾಸಿನ ಹಾಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅದರ ಮೇಲೆ ಬರೆದಿರುತ್ತದೆ. ನಿಮ್ಮ ಲ್ಯಾಪ್‌ಟಾಪ್ 2017ರಲ್ಲೇ ಕೂತಿದ್ದರೆ, ಈ ವರ್ಷ ಕೊಟ್ಟ ಪಾಸು ಅದರ ಕಣ್ಣಿಗೆ ಇನ್ನೂ ಶುರುವೇ ಆಗಿಲ್ಲ. "ಈ ಸಂಪರ್ಕ ಸುರಕ್ಷಿತವಲ್ಲ" ಎಂದು ಬಾಗಿಲು ಹಾಕಿಬಿಡುತ್ತದೆ. ಅಪ್‌ಡೇಟ್ ಸರ್ವರ್ ಜೊತೆಗೂ ಇದೇ ಜಗಳ. ಇಂಟರ್ನೆಟ್ ಹಚ್ಚಿದರೆ ಗಡಿಯಾರ ತಾನೇ ಸರಿಹೋಗಬೇಕಲ್ವಾ ಅನ್ನಬಹುದು. ವ್ಯತ್ಯಾಸ ವರ್ಷಗಳಷ್ಟಿದ್ದರೆ ಎಷ್ಟೋ ಸಲ ಹೋಗುವುದಿಲ್ಲ. ತಾರೀಖಿನ ಮೇಲೆ ಬಲಗಡೆ ಕ್ಲಿಕ್ ಮಾಡಿ ಕೈಯಾರೆ ಸರಿಮಾಡಬೇಕು.

ಸರಿಮಾಡಿದೆ. ಎರಡು ನಿಮಿಷದಲ್ಲಿ ವೆಬ್‌ಸೈಟ್‌ಗಳು ತೆರೆದವು. ಕಾಕಾ ನನ್ನನ್ನು ದೊಡ್ಡ ಎಂಜಿನಿಯರ್ ಅಂದುಕೊಂಡ. ನಾನೂ ಇಲ್ಲ ಅನ್ನಲಿಲ್ಲ.

ನಿಮ್ಮಲ್ಲಿ ಯಾವ ವಿಂಡೋಸ್ ಇದೆ?

ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಕೀ ಹಿಡಿದು ಆರ್ ಒತ್ತಿ. ತೆರೆಯುವ ಪುಟ್ಟ ಪೆಟ್ಟಿಗೆಯಲ್ಲಿ ಡಬ್ಲ್ಯೂ-ಐ-ಎನ್-ವಿ-ಇ-ಆರ್ ಎಂಬ ಆರು ಅಕ್ಷರ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ವಿಂಡೋಸ್ ಹೆಸರು, ಕೆಳಗೆ ಆವೃತ್ತಿ ಸಂಖ್ಯೆ ಬರುತ್ತದೆ.

ವಿಂಡೋಸ್ 10 ಅಂದರೆ ಒಂದೇ ಅಲ್ಲ. 2015ರ ಜುಲೈನಿಂದ ಅದು ಹಲವು ಆವೃತ್ತಿಗಳಲ್ಲಿ ಬಂದಿದೆ. ಸಂಖ್ಯೆ ಓದುವುದು ಸುಲಭ. 1909 ಅಂದರೆ 2019ನೇ ಇಸವಿ, 09ನೇ ತಿಂಗಳು. ಆಮೇಲೆ ಬರೆಯುವ ರೀತಿ ಬದಲಾಯಿತು. 22ಎಚ್2 ಅಂದರೆ 2022ರ ಎರಡನೇ ಅರ್ಧ. ವಿಂಡೋಸ್ 10ಕ್ಕೆ ಇದೇ ಕೊನೆಯ ಆವೃತ್ತಿ.

ಕಾಕಾನದು 1909. ಅದರ ಮನೆ ಬಳಕೆಯ ಆವೃತ್ತಿಗೆ ಬೆಂಬಲ 2021ರ ಮೇ ತಿಂಗಳಲ್ಲೇ ಮುಗಿದಿತ್ತು. ಈಗ ಇಲ್ಲೊಂದು ಗಂಟು ಇದೆ. ವಿಂಡೋಸ್ 10 ಇಟ್ಟುಕೊಳ್ಳುವ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ತೇಪೆ ಕೊಡುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತು. 30 ಡಾಲರ್ ಕಟ್ಟಬಹುದು, ಅಥವಾ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳನ್ನು ಬ್ಯಾಕಪ್ ಮಾಡಿಕೊಂಡರೆ ಪುಕ್ಕಟೆ. ಆದರೆ ಷರತ್ತು ಏನೆಂದರೆ ಲ್ಯಾಪ್‌ಟಾಪಿನಲ್ಲಿ 22ಎಚ್2 ಇರಲೇಬೇಕು. 1909 ಇದ್ದವರಿಗೆ ನೋಂದಣಿಯ ಕೊಂಡಿಯೇ ಕಾಣಿಸುವುದಿಲ್ಲ. ಅಪ್‌ಡೇಟ್ ಪಡೆಯಲು ಮೊದಲು ಅಪ್‌ಡೇಟ್ ಆಗಿರಬೇಕು! ಅಷ್ಟು ಹಳೇ ಆವೃತ್ತಿ ತಾನಾಗಿ 22ಎಚ್2ಗೆ ಏರಲು ಹೋಗಿ ಎರರ್ ಕೊಟ್ಟು ನಿಂತರೆ, ಕೈಯಾರೆ ಏರಿಸಬೇಕು.

ವಿಂಡೋಸ್ 7 ಇದ್ದವರ ಕಥೆ ಬೇರೆ. ಹಳೇ 7ರ ಕೀ ಕೊಟ್ಟು 10 ಅಥವಾ 11ನ್ನು ಪುಕ್ಕಟೆ ಚಾಲೂ ಮಾಡಿಕೊಳ್ಳುವ ದಾರಿಯನ್ನು ಮೈಕ್ರೋಸಾಫ್ಟ್ 2023ರಲ್ಲಿ ಮುಚ್ಚಿತು. ಅವರಿಗೆ ಹೊಸ ಲೈಸೆನ್ಸ್, ಇಲ್ಲವೇ ಲಿನಕ್ಸ್.

ಕೈ ಹಾಕುವ ಮುಂಚೆ

ನಿಜವಾದ ಕೆಲಸ ಇಲ್ಲೇ ಇರುವುದು. ಅಪ್‌ಡೇಟ್ ಮಾಡುವುದು ಯಂತ್ರ, ಕಾಯುವುದಷ್ಟೇ ನಮ್ಮ ಕೆಲಸ. ಫೈಲು ತೆಗೆದಿಡುವುದು ಮಾತ್ರ ಪೂರ್ತಿ ನಮ್ಮದೇ.

ಒಂದು ಹೊರಗಿನ ಹಾರ್ಡ್ ಡಿಸ್ಕ್ ಅಥವಾ ದೊಡ್ಡ ಪೆನ್‌ಡ್ರೈವ್ ತನ್ನಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಈ ನಾಲ್ಕನ್ನು ಎಲ್ಲರೂ ನೆನಪಿಡುತ್ತಾರೆ. ಮರೆಯುವುದು ಬೇರೆಯವು. ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿಯ ಡೇಟಾ ಫೋಲ್ಡರ್ ಹೆಚ್ಚಾಗಿ ಡಾಕ್ಯುಮೆಂಟ್ಸ್‌ನ ಹೊರಗೇ ಇರುತ್ತದೆ. ಟ್ಯಾಲಿ ತೆರೆದು ಕಂಪನಿ ಪಟ್ಟಿಯ ಪುಟದಲ್ಲಿ ಯಾವ ಜಾಗ ತೋರಿಸುತ್ತದೋ ಅದನ್ನೇ ನಕಲು ಮಾಡಿ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳನ್ನು ನೋಡಿಕೊಳ್ಳಿ. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಅದರ ಡ್ರೈವರ್ ಫೈಲನ್ನೂ ಇಟ್ಟುಕೊಳ್ಳಿ.

ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಬಳಸುವವರಿಗೆ ಒಂದು ಮಾತು. ಹಳೇ ನುಡಿಯಲ್ಲಿ ಟೈಪ್ ಮಾಡಿದ ಅರ್ಜಿ, ಪತ್ರಗಳಲ್ಲಿ ಹೆಚ್ಚಿನವು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ) ಅಲ್ಲ. ಅಲ್ಲಿ ಕನ್ನಡ ಅಕ್ಷರ ಕಾಣಿಸುವುದು ಫಾಂಟಿನ ಆಟದಿಂದ. ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟ್ ಹೋದರೆ ಇಡೀ ಪತ್ರ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತದೆ. ಫೈಲ್ ಹಾಳಾಯಿತು ಎಂದು ಎದೆ ಒಡೆದುಕೊಳ್ಳಬೇಡಿ, ಫಾಂಟ್ ಹಾಕಿದರೆ ವಾಪಸ್ ಬರುತ್ತದೆ. ಅದಕ್ಕೇ ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್‌ನಿಂದ ನುಡಿ ಫಾಂಟುಗಳನ್ನೂ ನಕಲು ಮಾಡಿ.

ಆಮೇಲೆ ಜಾಗ. ಸಿ ಡ್ರೈವಿನಲ್ಲಿ 20 ಜಿಬಿಯಾದರೂ ಖಾಲಿ ಇರಲಿ. ಹಳೇ ಮುನೀಮ ಎದ್ದು ಹೋಗುವ ಮುಂಚೆಯೇ ಹೊಸಬ ಬಂದು ಪಕ್ಕದಲ್ಲಿ ಕೂತು ಲೆಕ್ಕ ತೆಗೆದುಕೊಳ್ಳುತ್ತಾನೆ. ಸ್ವಲ್ಪ ಹೊತ್ತು ಇಬ್ಬರಿಗೂ ಗಾದಿ ಬೇಕು.

ಇನ್ನೆರಡು ಸಂಗತಿ ನಮ್ಮ ಕಡೆಯವರಿಗೆ ಮುಖ್ಯ. ಕರೆಂಟ್ ಮತ್ತು ಸೆಕೆ. ಹಳೇ ಬ್ಯಾಟರಿ ಹತ್ತು ನಿಮಿಷ ಹಿಡಿದರೆ ಹೆಚ್ಚು. ನಡುವೆ ಕರೆಂಟ್ ಹೋದರೆ ವಿಂಡೋಸ್ ಬಹಳ ಸಲ ತಾನೇ ಹಿಂದಿನ ಸ್ಥಿತಿಗೆ ಮರಳುತ್ತದೆ, ಆದರೆ ಖಾತ್ರಿ ಇಲ್ಲ. ಇನ್ವರ್ಟರ್ ಇರುವ ಪ್ಲಗ್ಗಿಗೆ ಹಾಕಿ. ಸೆಕೆ ಅಂದರೆ ಗೊತ್ತೇ ಇದೆಯಲ್ಲ, ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಗಂಜಿನ ಧೂಳು ಫ್ಯಾನಿನಲ್ಲಿ ತುಂಬಿದ್ದರೆ ಪ್ರೊಸೆಸರ್ ಕಾದು ಲ್ಯಾಪ್‌ಟಾಪ್ ತನ್ನಷ್ಟಕ್ಕೆ ತಾನೇ ಆರಿಹೋಗುತ್ತದೆ. ಫ್ಯಾನ್ ಸ್ವಚ್ಛ ಮಾಡಿಸಿ. ಬೆಳಗ್ಗೆ ಬೇಗ ಶುರುಮಾಡಿ. ಹಾಸಿಗೆಯ ಮೇಲಲ್ಲ, ಮೇಜಿನ ಮೇಲೆ ಇಡಿ.

ಕೈಯಾರೆ ಏರಿಸುವುದು

ಮೈಕ್ರೋಸಾಫ್ಟ್‌ನ ಸ್ವಂತ ಡೌನ್‌ಲೋಡ್ ಪುಟಕ್ಕೆ ಹೋಗಿ. ಬೇರೆ ಯಾವ ಸೈಟಿನಿಂದಲೂ, ಯಾರದೋ ಪೆನ್‌ಡ್ರೈವಿನಿಂದಲೂ ಬೇಡ. ಕ್ರ್ಯಾಕ್ ಮಾಡಿದ ವಿಂಡೋಸ್ ಒಳಗೆ ಏನೇನು ಸೇರಿಸಿದ್ದಾರೋ ಗೊತ್ತಾಗುವುದಿಲ್ಲ. ವಿಂಡೋಸ್ 10ರ ಪುಟದಲ್ಲಿ ಎರಡು ಸಾಧನ ಇವೆ. ಅಪ್‌ಡೇಟ್ ಅಸಿಸ್ಟೆಂಟ್ ಅದೇ ಲ್ಯಾಪ್‌ಟಾಪನ್ನು ನೇರವಾಗಿ 22ಎಚ್2ಗೆ ಏರಿಸುತ್ತದೆ. ಮೀಡಿಯಾ ಕ್ರಿಯೇಷನ್ ಟೂಲ್ ಆ ಕೆಲಸವನ್ನೂ ಮಾಡುತ್ತದೆ, ಪೆನ್‌ಡ್ರೈವ್ ಬೇಕೆಂದರೆ ಅದನ್ನೂ ತಯಾರಿಸಿಕೊಡುತ್ತದೆ.

ಡೌನ್‌ಲೋಡ್ ಹಲವು ಜಿಬಿ ಆಗುತ್ತದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಹಾಕಿದರೆ ದಿನದ ಡೇಟಾ ಅರ್ಧದಾರಿಯಲ್ಲೇ ಮುಗಿಯುತ್ತದೆ. ಒಳ್ಳೆ ಬ್ರಾಡ್‌ಬ್ಯಾಂಡ್ ಇರುವ ಗೆಳೆಯನ ಮನೆಯಲ್ಲಿ 8 ಜಿಬಿ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬರುವುದು ಸುಲಭ. ಆ ಪೆನ್‌ಡ್ರೈವಿನಲ್ಲಿ ಮುಂಚೆ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೋ ಇರುವುದನ್ನು ಕೊಡಬೇಡಿ.

ಈಗ ಎಲ್ಲಕ್ಕಿಂತ ಜಾಸ್ತಿ ಜನ ಎಡವುವ ಜಾಗ. ಅದೇ ಪೆನ್‌ಡ್ರೈವ್ ಎರಡು ತದ್ವಿರುದ್ಧ ಕೆಲಸ ಮಾಡಬಲ್ಲದು. ಲ್ಯಾಪ್‌ಟಾಪ್ ಮಾಮೂಲಿಯಾಗಿ ಚಾಲೂ ಆದ ಮೇಲೆ ಪೆನ್‌ಡ್ರೈವ್ ತೆರೆದು ಸೆಟಪ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ, ಫೈಲುಗಳನ್ನು ಇಟ್ಟುಕೊಂಡೇ ಏರಿಸಬಹುದು. ಲ್ಯಾಪ್‌ಟಾಪ್ ಆಫ್ ಮಾಡಿ, ಎಫ್12, ಎಫ್9 ಅಂಥ ಕೀ ಒತ್ತಿ ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿದರೆ ಅದು ಹೊಸ ಇನ್‌ಸ್ಟಾಲ್‌ನ ದಾರಿ, ಗೋದಾಮು ಖಾಲಿ ಮಾಡುವುದು. ಫೈಲು ಬೇಕೆನ್ನುವವರು ಮೊದಲ ದಾರಿ ಹಿಡಿಯಿರಿ.

ಪ್ರಿಂಟರ್, ಟೋಕನ್ ಎಲ್ಲ ಬಿಚ್ಚಿಡಿ. ಹೊರಗಿನ ಆಂಟಿವೈರಸ್ ಇದ್ದರೆ ಸದ್ಯಕ್ಕೆ ತೆಗೆಯಿರಿ. ಸೆಟಪ್ ಓಡಿಸಿದಾಗ ಒಂದು ಪುಟದಲ್ಲಿ "ಸ್ವಂತ ಫೈಲುಗಳು ಮತ್ತು ಆ್ಯಪ್‌ಗಳನ್ನು ಉಳಿಸು" ಎಂಬರ್ಥದ ಆಯ್ಕೆ ಇಂಗ್ಲಿಷಿನಲ್ಲಿ ಬರುತ್ತದೆ. ಅದಕ್ಕೆ ಟಿಕ್ ಇರಲಿ. ಆ ಆಯ್ಕೆ ಮಸುಕಾಗಿದ್ದರೆ ಮುಂದೆ ಹೋಗಲೇಬೇಡಿ. ಬಹಳ ಸಲ ಕಾರಣ ಭಾಷೆಯದ್ದು. ಲ್ಯಾಪ್‌ಟಾಪಿನಲ್ಲಿ ಅಮೆರಿಕದ ಇಂಗ್ಲಿಷ್, ಪೆನ್‌ಡ್ರೈವಿನಲ್ಲಿ ಬ್ರಿಟಿಷ್ ಇಂಗ್ಲಿಷ್ ಇದ್ದರೂ ಸೆಟಪ್ ಒಪ್ಪುವುದಿಲ್ಲ. ಸರಿಯಾದ ಭಾಷೆಯಲ್ಲಿ ಮತ್ತೊಮ್ಮೆ ತಯಾರಿಸಿ.

ಆಮೇಲೆ ಕಾಯುವುದು. ಹಳೇ ಹಾರ್ಡ್ ಡಿಸ್ಕಿನಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ, ನಾಲ್ಕೈದು ಸಲ ರೀಸ್ಟಾರ್ಟ್ ಆಗುತ್ತದೆ. ಕಾಕಾನದು ಒಂದೇ ಅಂಕಿಯ ಮೇಲೆ ಮುಕ್ಕಾಲು ಗಂಟೆ ನಿಂತಿತ್ತು. "ಬಂದ್ ಮಾಡಿ ಮತ್ತ ಹಚ್ಚು" ಎಂದು ಕಾಕಾ ಮೂರು ಸಲ ಪವರ್ ಬಟನ್ ಕಡೆ ಕೈ ಚಾಚಿದ. ನಾನು ಡಿಸ್ಕಿನ ಪುಟ್ಟ ದೀಪ ತೋರಿಸಿದೆ. ಅದು ಮಿಣುಕುತ್ತಿದ್ದರೆ ಒಳಗೆ ಕೆಲಸ ನಡೆದಿದೆ ಎಂದರ್ಥ. ಎದುರಿನ ಹೋಟೆಲಿನಿಂದ ಎರಡನೇ ಚಾ ಬರುವ ಹೊತ್ತಿಗೆ ಅಂಕಿ ಅಲುಗಾಡಿತು.

ಎರರ್ ಬಂದರೆ

ಉದ್ದುದ್ದ ಅಂಕಿಗಳನ್ನು ನೋಡಿ ಗಾಬರಿ ಬೇಡ, ಅವು ವಿಳಾಸ ಇದ್ದ ಹಾಗೆ. 80070070 ಎಂದು ಇದ್ದರೆ ಜಾಗ ಸಾಲದು. ಸಿ1900101 ಎಂದು ಶುರುವಾದರೆ ಯಾವುದೋ ಡ್ರೈವರಿನ ತಕರಾರು. ಹೊರಗಿನ ಸಾಧನ ಬಿಚ್ಚಿ, ಲ್ಯಾಪ್‌ಟಾಪ್ ತಯಾರಕರ ಸೈಟಿನಿಂದ ಹೊಸ ಡ್ರೈವರ್ ಹಾಕಿ ಮತ್ತೆ ಪ್ರಯತ್ನಿಸಿ.

ಎಲ್ಲ ಮುಗಿದು ಚಾಲೂ ಆದ ಮೇಲೂ ಹಳೇ ಮುನೀಮ ಪೂರ್ತಿ ಹೋಗಿರುವುದಿಲ್ಲ. ವಿಂಡೋಸ್.ಓಲ್ಡ್ ಎಂಬ ಫೋಲ್ಡರಿನಲ್ಲಿ 10 ದಿನ ಕೂತಿರುತ್ತಾನೆ. ಹೊಸದು ಸರಿಬರಲಿಲ್ಲ ಅಂದರೆ ಸೆಟ್ಟಿಂಗ್ಸ್‌ನ ರಿಕವರಿ ಪುಟದಿಂದ ಅಷ್ಟು ದಿನದೊಳಗೆ ಹಿಂದೆ ಹೋಗಬಹುದು. ಜಾಗ ಉಳಿಸುವ ಉತ್ಸಾಹದಲ್ಲಿ ಮೊದಲ ದಿನವೇ ಅದನ್ನು ಅಳಿಸಬೇಡಿ.

ವಿಂಡೋಸ್ 11 ಯಾಕೆ ಆಗುವುದಿಲ್ಲ?

ಪ್ರೊಸೆಸರ್ ಹೆಸರಿನಲ್ಲೇ ಉತ್ತರ ಇದೆ. ಕಾಕಾನದು ಇಂಟೆಲ್ ಐ3-7100ಯು. ಗೆರೆಯ ನಂತರದ 7, ಏಳನೇ ತಲೆಮಾರು ಎಂದು ಹೇಳುತ್ತದೆ. ಐ5-8250ಯು ಎಂದಿದ್ದರೆ ಎಂಟನೆಯದು, 10210 ಎಂದಿದ್ದರೆ ಹತ್ತನೆಯದು. ವಿಂಡೋಸ್ 11ಕ್ಕೆ ಒಂದೆರಡು ಅಪವಾದ ಬಿಟ್ಟರೆ ಇಂಟೆಲ್‌ನ ಎಂಟನೇ ತಲೆಮಾರಿನಿಂದ ಮೇಲಿನದೇ ಬೇಕು. ಜೊತೆಗೆ ಟಿಪಿಎಂ 2.0 ಬೇಕು. ಇದು ಗುಪ್ತ ಕೀಗಳನ್ನು ಡಿಸ್ಕಿನಿಂದ ಬೇರೆಯಾಗಿ ಕಾಪಾಡುವ ಪುಟ್ಟ ತಿಜೋರಿ. ಕೆಲವು ಲ್ಯಾಪ್‌ಟಾಪಿನಲ್ಲಿ ಟಿಪಿಎಂ ಇದ್ದೂ, ವಿಂಡೋಸ್‌ಗಿಂತ ಮುಂಚೆ ಓಡುವ ಮೂಲ ತಂತ್ರಾಂಶವಾದ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ. ಪ್ರೊಸೆಸರ್ ಸರಿಯಿದ್ದರೆ ಅದೊಂದನ್ನು ಆನ್ ಮಾಡಿದರೂ ಸಾಕು. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಇದನ್ನೆಲ್ಲ ನೋಡಿ ಹೇಳುತ್ತದೆ.

ಈ ತಪಾಸಣೆ ತಪ್ಪಿಸಿ 11 ಹಾಕುವ ಉಪಾಯಗಳೂ ಇವೆ. ಆದರೆ ಅಂಥ ಲ್ಯಾಪ್‌ಟಾಪಿಗೆ ಮುಂದಿನ ಅಪ್‌ಡೇಟ್ ಬರುವ ಖಾತ್ರಿ ಇಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ. ಲೆಕ್ಕ ಇಡುವ ಯಂತ್ರದಲ್ಲಿ ನಾನಂತೂ ಮಾಡಲಿಲ್ಲ.

ಇನ್ನೊಬ್ಬ ಮುನೀಮ: ಲಿನಕ್ಸ್

ಬ್ರೌಸರ್, ಇಮೇಲ್, ಯೂಟ್ಯೂಬ್, ಚೂರುಪಾರು ಟೈಪಿಂಗ್ ಇಷ್ಟೇ ಕೆಲಸ ಇದ್ದವರಿಗೆ ಇದು ಪುಕ್ಕಟೆ ದಾರಿ. ಲಿನಕ್ಸ್ ಮಿಂಟ್ ವಿಂಡೋಸ್ ಬಳಸಿದವರ ಕೈಗೆ ಬೇಗ ಹೊಂದುತ್ತದೆ. ಅದರ 22ನೇ ಆವೃತ್ತಿಗೆ 2029ರವರೆಗೆ ಬೆಂಬಲ ಇದೆ. ಎಕ್ಸ್‌ಎಫ್‌ಸಿಇ ಎಂಬ ಹಗುರ ರೂಪವನ್ನು 2 ಜಿಬಿ ರ‍್ಯಾಮಿನಲ್ಲೂ ಓಡಿಸಬಹುದು, 4 ಇದ್ದರೆ ಆರಾಮ. ಇನ್‌ಸ್ಟಾಲ್ ಮಾಡದೇ ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು. ವೈಫೈ ಸಿಗುತ್ತದಾ, ಸೌಂಡ್ ಬರುತ್ತದಾ, ಕನ್ನಡ ಸರಿ ಕಾಣುತ್ತದಾ ಎಂದು ಅರ್ಧ ಗಂಟೆ ಆಡಿ ನೋಡಿ. ಟ್ಯಾಲಿ ಮಾತ್ರ ಅದರಲ್ಲಿ ನೇರವಾಗಿ ಓಡುವುದಿಲ್ಲ. ಅದಕ್ಕೇ ಕಾಕಾನಿಗೆ ಇದು ಹೊಂದಲಿಲ್ಲ.

ಯಾವ ಮುನೀಮ ಬಂದರೂ, ತಿರುಗುವ ಹಳೇ ಹಾರ್ಡ್ ಡಿಸ್ಕ್ ತೆಗೆದು, ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸಿದರೆ ಆಗುವ ವ್ಯತ್ಯಾಸವೇ ಬೇರೆ. ಹಳೇ ಲ್ಯಾಪ್‌ಟಾಪಿಗೆ ಒಂದೇ ಖರ್ಚು ಮಾಡುವುದಾದರೆ ನಾನು ಅದನ್ನೇ ಹೇಳುತ್ತೇನೆ.

ಕಾಕಾನ ಲ್ಯಾಪ್‌ಟಾಪ್ ಮಧ್ಯಾಹ್ನದ ಊಟದ ಹೊತ್ತಿಗೆ 22ಎಚ್2 ಆಯಿತು. ಟ್ಯಾಲಿ ತೆರೆಯಿತು, ಹಳೇ ಪಟ್ಟಿಗಳೆಲ್ಲ ಇದ್ದವು. ಪ್ರಿಂಟರಿಗೆ ಮಾತ್ರ ಹೊಸ ಡ್ರೈವರ್ ಹಾಕಬೇಕಾಯಿತು. ಬಾಕಿ ಇದ್ದ ತೇಪೆಗಳು ಸಂಜೆಯವರೆಗೂ ಇಳಿದವು, ಆಮೇಲೆ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಹೆಚ್ಚುವರಿ ತೇಪೆಯ ನೋಂದಣಿ ಕೊಂಡಿ ಕಾಣಿಸಿತು. ಕಾಕಾನ ಇಮೇಲ್ ಹಾಕಿ ನೋಂದಾಯಿಸಿದೆವು.

ಮರುದಿನ ಬೆಳಗ್ಗೆ ಮತ್ತೆ ಫೋನ್. "ತಮ್ಮಾ, ಮತ್ತ ಓಪನ್ ಆಗವಲ್ದು!" ಬಟನ್ ಸೆಲ್ ಬದಲಿಸುವುದನ್ನು ನಾನೇ ಮರೆತಿದ್ದೆ. ರಾತ್ರಿ ಪ್ಲಗ್ ತೆಗೆದಿಟ್ಟಿದ್ದರಿಂದ ಗಡಿಯಾರ ಪುನಃ 2017ಕ್ಕೆ ಹೋಗಿ ಕೂತಿತ್ತು.